ಉಸಿರಿಗೆ ಮೊಹರು ಕೇಳುವವರ ನಡುವೆ ಕಝಾಲ್

ಈ ವಸಂತದ ಒಂದು ಬೆಳಗು, ಐದು ಗಂಟೆ. ಇರಾನಿನ ಗಡಿಯ ಕುರ್ದಿ ಊರು ಸರ್ದಶ್ತ್‌ನ ಮೇಲ್ಗೇರಿಯಲ್ಲಿ ರೊಟ್ಟಿ ಒಲೆಗಳು ಇನ್ನೂ ಹೊತ್ತಿಲ್ಲ. ಹಪ್ಸೆ ಅವರ ಮನೆಯ ಒಳಕೋಣೆಯಲ್ಲಿ ಕಝಾಲ್ ಮೌಲೂದಿ ಬೆನ್ನು ಬಾಗಿಸಿ, ಸ್ಟೂಲಿನ ಮೇಲಿರುವ ಆಮ್ಲಜನಕದ ಯಂತ್ರಕ್ಕೆ ಕಿವಿಗೊಟ್ಟು ನಿಂತಿದ್ದಾರೆ. ಕೋಣೆಯ ಗಾಳಿಯನ್ನು ಹೀರಿ, ಸೋಸಿ, ಆಮ್ಲಜನಕವನ್ನಷ್ಟೇ ನಳಿಕೆಗೆ ಬಿಡುವ ಯಂತ್ರ ಅದು. ಸದ್ದು ಮಾತ್ರ ಹಳೆಯ ಫ್ರಿಜ್ಜಿನದು. ಹತ್ತು ಸೆಕೆಂಡಿಗೊಮ್ಮೆ ಅದು ನಿಟ್ಟುಸಿರು ಬಿಡಬೇಕು. ಬಿಡುತ್ತಿದೆ, ಆದರೆ ತಡವರಿಸಿ ಬಿಡುತ್ತಿದೆ. ಕಝಾಲ್ ಜೇಬಿನಿಂದ ಮೀಟರು ತೆಗೆದು ನಳಿಕೆಯ ತುದಿಗೆ ಹಿಡಿಯುತ್ತಾರೆ. ಎಪ್ಪತ್ತೊಂದು. ಆಮ್ಲಜನಕ ಶೇಕಡಾ ತೊಂಬತ್ತರ ಮೇಲೆ ಇರಬೇಕಾದದ್ದು.

“ಎಷ್ಟಿದೆಯೇ?” ದಿಂಬಿಗೊರಗಿ ಕುಳಿತ ಹಪ್ಸೆ ಕೇಳುತ್ತಾರೆ. ವಯಸ್ಸು ಎಪ್ಪತ್ತೆರಡು. ಕಣ್ಣು ಸದಾ ಕೆಂಪು, ದನಿ ಮರಳುಕಾಗದ ಉಜ್ಜಿದ ಹಾಗೆ.

“ಎಂಬತ್ತು.”

“ನಿಮ್ಮಪ್ಪನೂ ಹೀಗೇ. ಸುಳ್ಳು ಹೇಳೋವಾಗ ಮೀಟ್ರನ್ನ ಜೇಬಿಗೆ ಹಾಕ್ಕೋತಿದ್ದ. ನೆಟ್ಟಗೆ ಹೇಳು.”

“ಎಪ್ಪತ್ತೊಂದು, ಪೂರೆ.”

“ಹೂಂ. ಚಹಾ ಕುಡಿಯೋ ತನಕ ಅಂತೂ ಇರ್ತೀನಿ. ಸಮೋವಾರ್ ಹಚ್ಚು ಹೋಗು.”

ರಕ್ತಸಂಬಂಧವೇನಿಲ್ಲ. ಈ ಕೇರಿಯ ಮುದುಕಿಯರೆಲ್ಲ ಕಝಾಲ್ ಪಾಲಿಗೆ ಪೂರೆಯರು, ಅತ್ತೆಯಂದಿರು. ಅವರ ಪಟ್ಟಿಯಲ್ಲಿ ಎಂಬತ್ನಾಲ್ಕು ಮನೆಗಳಿವೆ. ದಿನಕ್ಕೆ ಹನ್ನೊಂದು, ಕೆಲವೊಮ್ಮೆ ಹನ್ನೆರಡು ಮನೆ. ಮೆಟ್ಟಿಲು ಮೆಟ್ಟಿಲಾಗಿ ಏರುವ ಓಣಿಗಳಿಗೆ ಯಾವ ಗಾಡಿಯೂ ಬರುವುದಿಲ್ಲ. ಕೆಟ್ಟ ಯಂತ್ರವನ್ನು ಅಂಗಡಿಗೆ ಒಯ್ಯಬೇಕೆಂದರೆ ಶಾಲಿನಲ್ಲಿ ಬಿಗಿದು ಬೆನ್ನಿಗೆ ಕಟ್ಟಿಕೊಳ್ಳುತ್ತಾರೆ, ತೂಕ ಹದಿನಾಲ್ಕು ಕಿಲೋ. ಮಧ್ಯಾಹ್ನದ ಮೇಲೆ ಊರಿನ ಫ್ರಿಜ್ಜುಗಳ ರಿಪೇರಿ. ಹೊಟ್ಟೆ ತುಂಬಿಸುವುದು ಆ ಕೆಲಸ. ಬೆಳಗಿನದಕ್ಕೆ ವಾಲ್‌ನಟ್ಟೋ ಮೊಸರೋ, ಮನೆಯವರು ಕೈಗಿಟ್ಟದ್ದು.

ಮೂವತ್ತೆಂಟು ವರ್ಷದ ಹಿಂದೆ, ಬೇಸಿಗೆಯ ಒಂದು ಸಂಜೆ, ಇರಾಕಿನ ವಿಮಾನಗಳು ಈ ಊರಿನ ಮೇಲೆ ಸಾಸಿವೆ ಅನಿಲದ ಬಾಂಬು ಹಾಕಿದವು. ಯುದ್ಧದ ವರ್ಷಗಳು ಊರಿಗೆ ಒಂದೇ ಪಾಠ ಕಲಿಸಿದ್ದವು: ವಿಮಾನದ ಸದ್ದಾದರೆ ನೆಲಮಾಳಿಗೆಗೆ ಇಳಿ. ಅಂದೂ ಜನ ಇಳಿದರು. ಬಾಂಬುಗಳು ದೊಡ್ಡದಾಗಿ ಸಿಡಿಯಲೂ ಇಲ್ಲ, ಬೆಂಕಿಯೂ ಏಳಲಿಲ್ಲ, ಬೆಳ್ಳುಳ್ಳಿಯ ವಾಸನೆ ಮಾತ್ರ ಬಂತು. ಹುಸಿ ಬಾಂಬು ಎಂದುಕೊಂಡು ಕೆಳಗೇ ಕುಳಿತರು. ಆ ಅನಿಲ ಗಾಳಿಗಿಂತ ಭಾರ, ಅದೂ ಮೆಟ್ಟಿಲಿಳಿದು ಅವರ ಹಿಂದೆಯೇ ಬಂತು. ಎಂಟು ವರ್ಷದ ಕಝಾಲ್ ತಾರಸಿಯ ಮೇಲಿದ್ದಳು. ಅವಳ ಅಪ್ಪ ವಸ್ತಾ ರಹೀಮ್ ಫ್ರಿಜ್ಜು, ಕೂಲರುಗಳ ಮೇಸ್ತ್ರಿ. ಪಕ್ಕದ ಮನೆಯ ಕೂಲರು ಬಿಚ್ಚುತ್ತಿದ್ದವನಿಗೆ ಮಗಳು ಸ್ಪ್ಯಾನರು ಎತ್ತಿಕೊಡುತ್ತಿದ್ದಳು. ಅಮ್ಮ ಇಬ್ಬರು ಪುಟ್ಟ ಮಕ್ಕಳನ್ನು ಕಟ್ಟಿಕೊಂಡು ನೆಲಮಾಳಿಗೆಗೆ ಓಡಿದ್ದಳು. ಮೂವರೂ ಉಳಿಯಲಿಲ್ಲ. ಅವರನ್ನು ಹೊತ್ತು ತರಲು ಇಳಿದ ಅಪ್ಪ ಅರ್ಧ ಶ್ವಾಸಕೋಶ ಅಲ್ಲೇ ಬಿಟ್ಟು ಬಂದ.

“ನಮ್ಮಮ್ಮ ತಪ್ಪು ಮಾಡ್ಲಿಲ್ಲ,” ಕಝಾಲ್ ಈ ಮಾತನ್ನು ಯಾರೂ ಕೇಳದಿದ್ದರೂ ಹೇಳುತ್ತಾರೆ. “ಹೇಳ್ಕೊಟ್ಟಿದ್ದನ್ನೇ ಮಾಡಿದ್ಲು. ಹೇಳ್ಕೊಟ್ಟೋರಿಗೆ ಗೊತ್ತಿರ್ಲಿಲ್ಲ. ಆ ವಿಷ ಮಾರಿದೋರಿಗೆ ಮಾತ್ರ ಚೆನ್ನಾಗಿ ಗೊತ್ತಿತ್ತು.”

ಅದಕ್ಕೇ ಎಂಬತ್ನಾಲ್ಕು ಮನೆಗಳಲ್ಲೂ ಯಂತ್ರ ಸ್ಟೂಲಿನ ಮೇಲೆಯೇ ಇರುತ್ತದೆ. ನೆಲದ ಮೇಲೆ ಇಟ್ಟರೆ ಧೂಳು ಎಳೆಯುತ್ತದೆ ಎನ್ನುವುದು ಅವರು ಬಾಯಲ್ಲಿ ಕೊಡುವ ಕಾರಣ. ನಲವತ್ತಾರರ ಈ ಹೆಂಗಸು ಇಂದಿಗೂ ಯಾರ ಮನೆಯ ನೆಲಮಾಳಿಗೆಗೂ ಕಾಲಿಟ್ಟಿಲ್ಲ. ಕಝಾಲ್ ಬರುವ ದಿನ ನೆಲಮಾಳಿಗೆಯಲ್ಲಿರುವ ಫ್ರಿಜ್ಜನ್ನು ಜನರೇ ಮೇಲೆ ಹೊತ್ತು ತಂದಿಡುತ್ತಾರೆ.

ಅಪ್ಪನಿಗೆ ಯಂತ್ರ ಬಂದಾಗ ಅದನ್ನು ರಿಪೇರಿ ಮಾಡುವವರು ಊರಲ್ಲಿ ಇರಲಿಲ್ಲ. ಒಳಗೆ ಕಂಪ್ರೆಸರ್ ಇದೆಯಲ್ಲ, ಫ್ರಿಜ್ಜಿನ ದಾಯಾದಿಯೇ ಸೈ ಎಂದು ಅಪ್ಪ ಹಾಸಿಗೆಯಲ್ಲಿ ಕುಳಿತೇ ಹೇಳಿಕೊಟ್ಟ, ಮಗಳು ಬಿಚ್ಚಿ ಕಲಿತಳು. ಹೆಂಗಸರ ಕಾಲುಚೀಲ ಫಿಲ್ಟರಾಯಿತು. ಚಪ್ಪಲಿಯ ರಬ್ಬರು ವಾಷರಾಯಿತು. ಬದಲಿ ಸಿಗದ್ದು ಒಂದೇ: ಒಳಗಿನ ಡಬ್ಬಿಗಳಲ್ಲಿ ತುಂಬಿರುವ, ಸಾಬಕ್ಕಿಯಂಥ ಬಿಳಿ ಕಾಳು. ಗಾಳಿಯನ್ನು ಸೋಸುವುದು ಅದೇ. ತೇವ ಕುಡಿದು ಕುಡಿದು ಆ ಕಾಳು ಕೆಲಸ ಬಿಟ್ಟರೆ ಯಂತ್ರ ಬರೀ ಬೀಸಣಿಗೆ. ಹಪ್ಸೆಯ ಯಂತ್ರದಲ್ಲಿ ಆಗುತ್ತಿರುವುದು ಅದೇ.

ಕಾಳು ಯಾಕೆ ಸಿಗುವುದಿಲ್ಲ? ದೊಡ್ಡ ದೊಡ್ಡ ರಾಜಧಾನಿಗಳ ವಕ್ತಾರರನ್ನು ಕೇಳಿ ನೋಡಿ. ಇರಾನಿನ ಮೇಲೆ ನಾವು ಹೇರಿರುವ ನಿರ್ಬಂಧ ಔಷಧಕ್ಕೂ ಆಸ್ಪತ್ರೆಯ ಸಾಮಾನಿಗೂ ಅನ್ವಯಿಸುವುದಿಲ್ಲ ಎಂದು ಇಸ್ತ್ರಿ ಹಾಕಿದ ದನಿಯಲ್ಲಿ ಹೇಳುತ್ತಾರೆ. ನಿಜ, ಕಾಗದದ ಮೇಲೆ ಬಾಗಿಲು ತೆರೆದೇ ಇದೆ. ಆ ಬಾಗಿಲಿಗೆ ಹೋಗುವ ದಾರಿಯನ್ನಷ್ಟೇ ಅಗೆದು ಹಾಕಿದ್ದಾರೆ. ಹಣ ದಾಟಿಸಲು ಬ್ಯಾಂಕು ಒಲ್ಲೆ ಎನ್ನುತ್ತದೆ, ವಿಮೆಯವನು ಒಲ್ಲೆ ಎನ್ನುತ್ತಾನೆ, ಹಡಗಿನವನು ಕೈಮುಗಿಯುತ್ತಾನೆ. ಕೊನೆಗೆ ಉಸಿರು ಕಟ್ಟುವುದು ಮೇಲ್ಗೇರಿಯ ಹಪ್ಸೆಗೆ, ಮಂತ್ರಿಗಳಿಗಲ್ಲ.

ಇಲ್ಲಿನ ನಮ್ಮ ಸರಕಾರದವರಾದರೂ ಏನು ಕಡಿಮೆ? ಅನಿಲ ತಗುಲಿದವರಿಗೆ ಎಷ್ಟು ಪೆಟ್ಟಾಗಿದೆ ಎಂದು ಶೇಕಡಾ ಲೆಕ್ಕದಲ್ಲಿ ಬರೆದುಕೊಡುವ ಕಚೇರಿ ಒಂದಿದೆ. ಸಿಗುವ ಸವಲತ್ತೆಲ್ಲ ಆ ಶೇಕಡಾವಾರಿನ ಮೇಲೆ. ಹಪ್ಸೆಗೆ ಅಲ್ಲಿ ಸಿಕ್ಕಿದ್ದು ಐದು. ಬಾಂಬು ಬಿದ್ದ ದಿನದ ಆಸ್ಪತ್ರೆ ಚೀಟಿ ಅವರಲ್ಲಿ ಇರಲಿಲ್ಲ. ಇಡೀ ಊರು ಕುರುಡಾಗಿ ಬೀದಿಯಲ್ಲಿ ತಡಕಾಡುತ್ತಿದ್ದ ಸಂಜೆ ಚೀಟಿ ಬರೆದವರು ಯಾರು, ಇಸಿದುಕೊಂಡವರು ಯಾರು? ಐದು ಶೇಕಡಾದವರಿಗೆ ಯಂತ್ರವಿಲ್ಲ. ಹಪ್ಸೆಯ ಮೂಗಿಗೆ ಉಸಿರು ಕೊಡುತ್ತಿರುವುದು ತೀರಿಕೊಂಡ ವಸ್ತಾ ರಹೀಮನ ಯಂತ್ರ. ಅಪ್ಪನನ್ನು ಮಣ್ಣು ಮಾಡಿದ ಮೂರನೆಯ ದಿನವೇ ಕಝಾಲ್ ಅದನ್ನು ಬೆನ್ನಿಗೆ ಕಟ್ಟಿಕೊಂಡು ಇಲ್ಲಿಗೆ ತಂದಿಟ್ಟರು.

ಅದೇ ವಸಂತದಲ್ಲಿ ಯುರೋಪಿನ ಒಂದು ಕಂಪನಿ ಕಾಳು ಮಾರಲು ಒಪ್ಪಿತು. ಕಝಾಲ್ ಎರಡು ತಿಂಗಳು ಪತ್ರ ಬರೆದು ಬರೆದು ಒಪ್ಪಿಸಿದ್ದು. ಒಪ್ಪಿಗೆಯ ಜೊತೆ ಒಂದು ನಮೂನೆ ಬಂತು. ಕಾಳು ಬಳಸುವ ರೋಗಿಯೇ ಅದಕ್ಕೆ ಸಹಿ ಮಾಡಬೇಕು, ಸ್ಥಳೀಯ ಸರಕಾರಿ ಕಚೇರಿ ಮೊಹರು ಹಾಕಬೇಕು. ಕಝಾಲ್ ಹಾಸಿಗೆಯ ಪಕ್ಕ ಕುಳಿತು ಅದನ್ನು ತಮ್ಮ ಕುರ್ದಿ ಮಾತಿಗೆ ತಂದು ಓದಿದರು. ನಾಲ್ಕನೆಯ ಸಾಲಿಗೆ ಬಂದಾಗ ನಾಲಿಗೆ ತಡೆಯಿತು.

“ಯಾಕೆ ನಿಲ್ಲಿಸ್ದೆ? ಓದು.”

“ಬೇಡ ಬಿಡು ಪೂರೆ. ಬೆರಳು ಕೊಡು, ಒತ್ತಿಸ್ಕೋತೀನಿ.”

“ಓದದೆ ಇರೋ ಕಾಗದಕ್ಕೆ ಒಂದ್ಸಲ ಬೆರಳೊತ್ತಿದ್ದೆ, ಗಂಡ ಸಿಕ್ಕಿದ. ಓದೇ.”

ಕಝಾಲ್ ಓದಿದರು. ಈ ಸರಕನ್ನು ನಾನು ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ರಾಸಾಯನಿಕ ಅಸ್ತ್ರ ತಯಾರಿಸಲು ಬಳಸುವುದಿಲ್ಲ ಎಂದು ಪ್ರಮಾಣ ಮಾಡುತ್ತೇನೆ.

ಹಪ್ಸೆ ಮೊದಲು ನಕ್ಕರು. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲು ಹತ್ತು ನಿಮಿಷ ಹಿಡಿಯಿತು. ಆಮೇಲೆ ತೋಳು ಚಾಚಿ, ಮೊಣಕೈವರೆಗೂ ಕರಕಲಾಗಿ ಉಳಿದಿರುವ ಚರ್ಮ ತೋರಿಸಿದರು.

“ಇದನ್ನ ಮಾಡೋಕೆ ಬೇಕಾದ ಸಾಮಾನು ಯಾರ ದೇಶದಿಂದ ಬಂತಂತೆ ಆಗ?”

“ಯುರೋಪಿನ ಕಂಪನಿಗಳದ್ದೂ ಇತ್ತು, ಪೂರೆ.”

“ಇರಾಕಿನವನ ಹತ್ರ ಇಂಥಾ ಕಾಗದಕ್ಕೆ ಬೆರಳು ಒತ್ತಿಸ್ಕೊಂಡಿದ್ರಂತಾ?”

ಕಝಾಲ್ ಶಾಯಿ ಡಬ್ಬಿಯ ಮುಚ್ಚಳ ತೆಗೆದರು. ಈ ಸಾಲು ಬರೆದವನಿಗೆ ಸರ್ದಶ್ತ್ ಎಂಬ ಊರಿರುವುದೇ ಗೊತ್ತಿರಲಿಕ್ಕಿಲ್ಲ. ಗೊತ್ತಿಲ್ಲದಿರುವುದು ಕೂಡ ಒಂದು ಅಪರಾಧವೇ. ವಿಷ ಉಂಡವಳ ಕೈಯಲ್ಲಿ ವಿಷ ಮಾಡುವುದಿಲ್ಲ ಎಂದು ಬರೆಸಿಕೊಳ್ಳುವವರು ತಮ್ಮನ್ನು ನಾಗರಿಕರು ಎಂದು ಕರೆದುಕೊಳ್ಳುತ್ತಾರೆ.

ಹಪ್ಸೆ ಬೆರಳೊತ್ತಿದರು. ಉಸಿರು ಬೇಕಿತ್ತು, ಒತ್ತಿದರು.

ಮೊಹರಿಗಾಗಿ ಕಝಾಲ್ ಆ ಶೇಕಡಾವಾರಿನ ಕಚೇರಿಗೆ ಹೋದರು. ಅಲ್ಲಿನ ಅಧಿಕಾರಿ ನಮೂನೆಯನ್ನು ಎರಡು ಬೆರಳಲ್ಲಿ ಎತ್ತಿ ಓದಿದ.

“ಇದಕ್ಕೆ ಮೊಹರು ಹಾಕಿದ್ರೆ ನಾವು ರಾಸಾಯನಿಕ ಅಸ್ತ್ರ ಮಾಡ್ತಿದ್ವಿ, ಇನ್ಮೇಲೆ ಮಾಡಲ್ಲ ಅಂತ ಒಪ್ಕೊಂಡ ಹಾಗಾಗುತ್ತೆ. ದೇಶಕ್ಕೆ ಅವಮಾನ, ಖಾನುಂ.”

“ದೇಶಕ್ಕೆ ಅವಮಾನ ಆದ್ರೆ ವಾಸಿ ಆಗುತ್ತೆ, ಸಾಹೇಬ್ರೇ. ಪೂರೆಗೆ ಉಸಿರು ನಿಂತ್ರೆ ವಾಸಿ ಆಗಲ್ಲ.”

“ಭಾವನೆ ಬೇರೆ, ನೀತಿ ಬೇರೆ. ಅಂದ ಹಾಗೆ, ಮುಂದಿನ ವಾರ ಬಾಂಬು ಬಿದ್ದ ದಿನದ ಸ್ಮರಣೆಯ ಕಾರ್ಯಕ್ರಮ. ಟೆಹರಾನಿಂದ ಅತಿಥಿಗಳು ಬರ್ತಾರೆ. ಮುಂದಿನ ಸಾಲಿಗೆ ಜನ ಕಡಿಮೆ ಬಿದ್ದಿದಾರೆ. ಆ ಅಜ್ಜೀನ ಕರ್ಕೊಂಡು ಬನ್ನಿ, ಯಂತ್ರದ ಸಮೇತ. ನಳಿಕೆ ಚೆನ್ನಾಗಿ ಕಾಣೋ ಹಾಗೆ ಇರ್ಲಿ.”

ಮುಂದಿನ ಸಾಲಿನವರು ಯಾಕೆ ಕಡಿಮೆ ಬಿದ್ದರು ಎಂದು ಅವನಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಇಲ್ಲಿನ ಕ್ರಮವೇ ಹಾಗೆ. ವರ್ಷವರ್ಷವೂ ಹೆಚ್ಚು ಶೇಕಡಾದವರು ಕ್ಯಾಮೆರಾದ ಹತ್ತಿರ, ಕಡಿಮೆಯವರು ಹಿಂದೆ. ಮುಂದಿನವರು ಒಬ್ಬೊಬ್ಬರಾಗಿ ಸಾಯುತ್ತಾರೆ, ಹಿಂದಿನವರು ಕುರ್ಚಿಯಿಂದ ಕುರ್ಚಿಗೆ ಬಡ್ತಿ ಪಡೆಯುತ್ತಾರೆ. ಐದು ಶೇಕಡಾದ ಹಪ್ಸೆ ಈ ವರ್ಷ ಮೊದಲ ಸಾಲಿಗೆ ಬಂದದ್ದು ಹೀಗೆ. ಕಚೇರಿಯಿಂದ ಹೊರಬಂದ ಕಝಾಲ್ ಎದುರಿನ ಗೋಡೆಗೆ ಹಣೆಯೊತ್ತಿ ನಿಂತಿದ್ದನ್ನು ಬೀದಿಯವರು ನೋಡಿದ್ದಾರೆ. ಅತ್ತದ್ದಲ್ಲ. “ಅವನ ಮೇಜಿನ ಗಾಜು ಒಡೆದು ಬರ್ಬೇಕಿತ್ತು. ಒಡೆದಿದ್ರೆ ಮೊಹರು ಯಾರು ಹಾಕ್ತಿದ್ರು? ಅದಕ್ಕೇ ಗೋಡೆಗೆ ಒತ್ತಿದ್ದು.”

ಸ್ಮರಣೆಯ ದಿನ ಹಪ್ಸೆ ತಮ್ಮ ಒಳ್ಳೆಯ ಉಡುಪು ಉಟ್ಟು ಬಂದರು. ಯಂತ್ರವನ್ನು ಕಝಾಲ್ ಹೊತ್ತು ತಂದರು, ಸ್ಟೂಲನ್ನೂ. ಟೆಹರಾನಿನ ಅತಿಥಿ ಜಗತ್ತಿನ ಮೌನದ ಬಗ್ಗೆ ನಲವತ್ತು ನಿಮಿಷ ಮಾತಾಡಿದ. ಆಮೇಲೆ ಹೂಗುಚ್ಛ ಹಿಡಿದು ಮುದುಕಿಯ ಮುಂದೆ ಬಾಗಿದ, ಕ್ಯಾಮೆರಾಗಳು ಮುತ್ತಿಕೊಂಡವು. ಹಪ್ಸೆ ಹೂವು ತೆಗೆದುಕೊಳ್ಳಲಿಲ್ಲ. ಉಡುಪಿನ ತೋಳಿನೊಳಗಿಂದ ನಮೂನೆ ಎಳೆದು ಚಾಚಿದರು.

“ಹೂವು ಮೂಸೋಕೆ ಉಸಿರು ಬೇಕಪ್ಪ. ಮೊದಲು ಇದಕ್ಕೊಂದು ಮೊಹರು ಹಾಕ್ಸು.”

ಕಾಗದ ಏನೆಂದು ಅತಿಥಿ ನೋಡಲೂ ಇಲ್ಲ. ಮುದುಕಿಯ ಅಹವಾಲು ಎಂದುಕೊಂಡು, ಕ್ಯಾಮೆರಾಗೆ ಕಾಣುವಂತೆ ಹುಬ್ಬುಗಂಟಿಕ್ಕಿ, ಈ ತಾಯಿಯ ಕೆಲಸ ಈಗಲೇ ಆಗಬೇಕು ಎಂದ. ದೇಶದ ಮಾನ ಕಾಯುವ ಅಧಿಕಾರಿ ಓಡಿಹೋಗಿ ಮೊಹರು ತಂದು ಒತ್ತಿದ. ಒಂದು ನಿಮಿಷದ ಕೆಲಸ. ಅಂದು ಸಂಜೆ ಇಡೀ ಕೇರಿ ಚಹಾಕ್ಕೆ ಇಮ್ಮಡಿ ಸಕ್ಕರೆ ಹಾಕಿತು.

ಮೂರು ವಾರಕ್ಕೆ ಉತ್ತರ ಬಂತು. ಕಂಪನಿ ವಿಷಾದಿಸಿತ್ತು. ಮೊಹರು ಹಾಕಿರುವ ಕಚೇರಿಯೇ ನಿರ್ಬಂಧದ ಪಟ್ಟಿಯಲ್ಲಿದೆ, ಆದ್ದರಿಂದ ಸರಕು ಕಳಿಸಲಾಗದು. ಮೊಹರಿಲ್ಲದಿದ್ದರೆ ಕಳಿಸುವುದಿಲ್ಲ, ಮೊಹರಿದ್ದರೂ ಕಳಿಸುವುದಿಲ್ಲ. ಈ ಕಾಗದ ಕೈಯಲ್ಲಿ ಹಿಡಿದವರಿಗೆ ಮೈಯೆಲ್ಲ ಉರಿಯದಿದ್ದರೆ ಅವರ ರಕ್ತ ಕೆಂಪಗಿಲ್ಲವೆಂದೇ ಅರ್ಥ. ಕಝಾಲ್ ಅದನ್ನು ಓದಿ ಹೇಳಿದ ದಿನ ಮೀಟರು ಅರವತ್ತೆಂಟು ತೋರಿಸುತ್ತಿತ್ತು.

“ಮುಗೀತಾ?” ಹಪ್ಸೆ ಕೇಳಿದರು.

“ಇಲ್ಲ. ನಿನ್ನ ಒಲೆ ಹಚ್ಚು.”

ಹಪ್ಸೆ ನಲವತ್ತು ವರ್ಷ ರೊಟ್ಟಿ ಸುಟ್ಟು ಮಾರಿದವರು. ಅಂಗಳದಲ್ಲಿ ಆಳುದ್ದದ ಮಣ್ಣಿನ ಒಲೆ ಈಗಲೂ ಇದೆ. ಕಝಾಲ್ ಅಂಗಡಿಯಲ್ಲಿ ಸತ್ತುಬಿದ್ದಿದ್ದ ಎರಡು ಯಂತ್ರಗಳ ಕಾಳು ಬಗೆದು ತಂದರು. ಕುಡಿದ ತೇವವನ್ನು ಕಾಯಿಸಿ ಓಡಿಸಿದರೆ ಅದಕ್ಕೆ ಮತ್ತೆ ಜೀವ ಬರಬೇಕು. ಯಾವ ಪುಸ್ತಕದಲ್ಲೂ ಓದಿದ್ದಲ್ಲ, ಫ್ರಿಜ್ಜಿನೊಳಗಿನ ತೇವ ಹೀರುವ ಕಾಳನ್ನು ಅಪ್ಪ ಹಾಗೆ ಹುರಿಯುತ್ತಿದ್ದ. ಮೊದಲ ಸಲ ಕಾಳು ಸಿಡಿದು ಪುಡಿಯಾಯಿತು. ಎರಡನೆಯ ಸಲ ಹದ ಗೊತ್ತಾಗಲಿಲ್ಲ. ಮೂರನೆಯ ಸಲ ಹಪ್ಸೆ ನಳಿಕೆಯೊಂದಿಗೇ ಹೊಸಿಲವರೆಗೆ ಬಂದು ಕುಳಿತರು. ಒಲೆಯ ಬಾಯಿಗೆ ಅಂಗೈ ಒಡ್ಡಿ ಹದ ಹೇಳುವ ಕೈ ಅದು, ಸುಟ್ಟ ಚರ್ಮದಲ್ಲೂ ಆ ಲೆಕ್ಕ ಉಳಿದಿದೆ.

“ಈಗ ಬೇಡ. ಇನ್ನೂ ಉರಿ ಇದೆ. ಕೆಂಡ ಬೂದಿ ಹೊದ್ಕೊಳ್ಲಿ. ಹಾಂ, ಈಗ ಇಳಿಸು.”

ಆರು ಗಂಟೆ ಕಾಯಿಸಿದ ಕಾಳನ್ನು ಬಿಸಿ ಆರುವ ಮೊದಲೇ ಡಬ್ಬಿಗೆ ಸುರಿದು ಬಿಗಿದರು. ಯಂತ್ರ ಓಡಿತು, ಹತ್ತು ಸೆಕೆಂಡಿಗೆ ಸರಿಯಾಗಿ ನಿಟ್ಟುಸಿರು ಬಿಟ್ಟಿತು. ಮೀಟರಿನಲ್ಲಿ ಎಂಬತ್ತಾರು. ಕಝಾಲ್ ಮೀಟರನ್ನು ಜೇಬಿಗೆ ಹಾಕದೆ, ಹಪ್ಸೆಯ ಕಣ್ಣೆದುರು ಹಿಡಿದರು.

ಅಲ್ಲಿಂದೀಚೆಗೆ ಆ ಒಲೆಯಲ್ಲಿ ಹತ್ತೊಂಬತ್ತು ಮನೆಗಳ ಕಾಳು ಬೆಂದಿದೆ. ಹೀಗೆ ಬೆಂದದ್ದು ಆರೇಳು ತಿಂಗಳು ಬಾಳಬಹುದು, ಆಮೇಲೆ ಮತ್ತೆ ಒಲೆ. ಇದನ್ನು ಸಾಧನೆ ಎಂದು ಹೊಗಳಲು ಹೋದವರ ಮೇಲೆ ಕಝಾಲ್ ಸಿಡುಕುತ್ತಾರೆ. “ಇದೇನು ಹೆಮ್ಮೆ ಪಡೋ ಕೆಲಸಾನಾ? ಕೊಳ್ಳೋಕೆ ಸಿಗಬೇಕಾದ್ದನ್ನ ಹುರ್ಕೊಂಡು ಕೂತಿದೀವಿ. ಚೆನ್ನಾಗಿ ಹುರೀತೀವಿ ಅನ್ನೋದು ಬೇರೆ ಮಾತು.”

ಅವರ ಅಂಗಡಿಯ ಗೋಡೆಯ ಮೇಲೆ ಎರಡು ಕಾಗದಗಳಿವೆ. ಹಪ್ಸೆ ಹೇಳಿದ್ದು, ಕಝಾಲ್ ಬರೆದದ್ದು, ಆ ನಮೂನೆಯದೇ ಧಾಟಿ. ಒಂದು ಯುರೋಪಿನ ಕಂಪನಿಗೆ: ನಿಮ್ಮ ನಾಡಿನವರು ವಿಷಾನಿಲದ ಸಾಮಾನನ್ನು ಇನ್ನು ಯಾರಿಗೂ ಮಾರುವುದಿಲ್ಲ ಎಂದು ಸಹಿ ಮಾಡಿ ಕಳಿಸಿ. ಇನ್ನೊಂದು ಶೇಕಡಾವಾರಿನ ಕಚೇರಿಗೆ: ಹಿಂದಿನವರಿಗೆ ಯಂತ್ರ ಕೊಡಲು ಮುಂದಿನ ಸಾಲು ಖಾಲಿಯಾಗುವ ತನಕ ಕಾಯುವುದಿಲ್ಲ ಎಂದು ಸಹಿ ಮಾಡಿ ಕಳಿಸಿ. ಪ್ರತಿಗಳನ್ನು ಅಂಚೆಗೆ ಹಾಕಿ ತಿಂಗಳುಗಳಾಗಿವೆ. ಗೋಡೆಯ ಮೇಲಿನ ಎರಡರಲ್ಲೂ ಸಹಿಯ ಜಾಗ ಖಾಲಿ.

ಏನು ಆಸೆ ಎಂದರೆ ಕಝಾಲ್ ಕೈಯೊರೆಸಿಕೊಳ್ಳುತ್ತಾ ಆ ಖಾಲಿ ಜಾಗ ತೋರಿಸುತ್ತಾರೆ. “ಎರಡು ಸಹಿ. ಹೆಚ್ಚೇನಿಲ್ಲ. ಅವು ಬರೋ ತನಕ ಸಾಯೋ ಹಾಗಿಲ್ಲ ಅಂತ ಪೂರೆಗೂ ಹೇಳಿದೀನಿ.”

ಹಪ್ಸೆ ಏನಂದರು?

“‘ಹಾಗಾದ್ರೆ ನಾನು ಸಾಯೋದೇ ಇಲ್ಲ ಬಿಡು, ಒಲೆಗೆ ಸೌದೆ ತಂದು ಹಾಕು’ ಅಂದ್ಲು.”