ಕಲ್ಲಿನ ಇನ್ನರ್ಧ

ದುಂಡಗಿರುವುದೆಲ್ಲ ಮೊಟ್ಟೆಯಲ್ಲ. ಇಷ್ಟು ತಿಳಿಯಲು ಪದವಿ ಬೇಕಿಲ್ಲ. ಆದರೂ ನಮ್ಮ ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯಲ್ಲಿ ಒಂದು ಖನಿಜದ ಉಂಡೆ ‘ಪುರಾತನ ಮೊಟ್ಟೆ’ ಎಂಬ ಚೀಟಿ ಹೊತ್ತು ಹದಿನಾಲ್ಕು ವರ್ಷದಿಂದ ಕೂತಿದೆ.

ಅದು ಬರೀ ಕಲ್ಲೆಂದು ಮೊದಲು ಹೇಳಿದವಳು ಸಮವಸ್ತ್ರದ ಕಾರ್ಖಾನೆಯಲ್ಲಿ ಗುಂಡಿ ಹೊಲಿಯುತ್ತಿದ್ದ ಹೆಂಗಸು. ರಜೆ ಸಿಕ್ಕರೆ ಕಡಲ ದಂಡೆಯಲ್ಲಿ ಕಲ್ಲು ಹೆಕ್ಕುವಳು. ಜೊತೆಯವರು ಕಲ್ಲಕ್ಕ ಎಂದು ಕರೆದರು. ಖನಿಜದ ಉಂಡೆಯನ್ನು ಒಡೆದರೆ ಈರುಳ್ಳಿಯಂತೆ ಪದರವಷ್ಟೇ. ಒಮ್ಮೆ ಬದುಕಿದ್ದು ಕಲ್ಲಾಗಿ ಉಳಿದ ಜೀವಿಯ ಮೈಮೇಲಾದರೆ ಒಂದೇ ಅಳತೆಯ ಗೆರೆಗಳು. ಇದನ್ನು ಅವಳಿಗೆ ಕಲಿಸಿದ್ದು ಅವಳ ಬೆರಳೇ. “ಜೀವ ಇದ್ದದ್ದರಲ್ಲಿ ಹೊಲಿಗೆ ಕಾಣುತ್ತೆ. ಬರೀ ಕಲ್ಲಿಗೆ ಹೊಲಿಗೆ ಎಲ್ಲಿಂದ ಬರಬೇಕು?” ಎನ್ನುತ್ತಿದ್ದಳು.

ಒಮ್ಮೆ ಅವಳು ದಂಡೆಯಲ್ಲಿ ಹೆಕ್ಕಿದ ಉಂಡೆಗಲ್ಲೊಂದು ಎರಡು ಹೋಳಾದಾಗ ಒಂದರಲ್ಲಿ ಸುರುಳಿ ಚಿಪ್ಪು, ಇನ್ನೊಂದರಲ್ಲಿ ಅದರ ಅಚ್ಚು ಸಿಕ್ಕಿತು. ಚಿಪ್ಪಿನ ಹೋಳನ್ನು ಸಂಗ್ರಹಾಲಯಕ್ಕೆ ಕೊಟ್ಟಳು. ಕೇಳಿದ್ದು ಒಂದೇ: ಚೀಟಿಯಲ್ಲಿ ‘ಗುಂಡಿ ಹೊಲಿಯುವವಳಿಗೆ ಸಿಕ್ಕಿದ್ದು’ ಎಂದು ಬರೆಯಬೇಕು. ಮಗಳು ಶಾಲೆಯವರೊಂದಿಗೆ ಬಂದಾಗ ಓದಲಿ ಎಂಬ ಆಸೆ.

ಹೊಳೆಯದ ಕಲ್ಲನ್ನು ಜನ ನೋಡುವುದಿಲ್ಲವೆಂದು ಅಲ್ಲಿ ಎಲ್ಲ ಕಲ್ಲಿಗೂ ಯಂತ್ರದಲ್ಲಿ ಹೊಳಪು ಕೊಡುತ್ತಾರೆ. ಇದಕ್ಕೂ ಕೊಟ್ಟರು. ಚಿಪ್ಪು ಸವೆದು ನುಣ್ಣಗಾಯಿತು. ಆಮೇಲೆ ಅಧಿಕಾರಿ ಅವಳನ್ನೇ ಕರೆಸಿದರು.

“ಇದರಲ್ಲಿ ಏನಿದೆಯಮ್ಮಾ? ನಿಮ್ಮ ಗುಂಡಿ ನೀವು ನೋಡಿಕೊಳ್ಳಿ.”

ಕಲ್ಲಕ್ಕ ಕಲ್ಲನ್ನು ಒಮ್ಮೆ ಸವರಿದಳು. “ಇತ್ತು ಸಾರ್. ನೀವು ಹೊಲಿಗೆ ಬಿಚ್ಚಿಬಿಟ್ರಿ.”

ಸಾಕ್ಷಿಗೆಂದು ಅಚ್ಚಿದ್ದ ಹೋಳು ಹಿಡಿದು ಮೂರು ಸಲ ಹೋದಳು. ಮೂರು ಸಲವೂ ಕಾವಲುಗಾರ ಬಾಗಿಲಿನಿಂದಲೇ ಸಾಗಹಾಕಿದ. ಅಷ್ಟರಲ್ಲಿ ಮಗಳ ತರಗತಿಯವರು ಸಂಗ್ರಹಾಲಯ ನೋಡಲು ಬಂದರು. ನಮ್ಮಮ್ಮನ ಕಲ್ಲು ತೋರಿಸುತ್ತೇನೆ ಎಂದು ಗೆಳತಿಯರನ್ನು ಪೆಟ್ಟಿಗೆಯಿಂದ ಪೆಟ್ಟಿಗೆಗೆ ಕರೆದೊಯ್ದ ಹುಡುಗಿ ನಗೆಪಾಟಲಾಗಿ ಮನೆಗೆ ಬಂದಳು. ಅಮ್ಮನನ್ನು ಸುಳ್ಳಿ ಎಂದಳು. ಕಲ್ಲಕ್ಕ ಮತ್ತೆ ದಂಡೆಯತ್ತ ಸುಳಿಯಲಿಲ್ಲ.

ಕಳೆದ ತಿಂಗಳು ತೀರಿಕೊಂಡಳು. ಟ್ರಂಕಿನ ತಳದಲ್ಲಿ, ಬಟ್ಟೆ ಚೂರಿನಲ್ಲಿ ಸುತ್ತಿದ್ದ ಹೋಳು ಮಗಳ ಕೈಗೆ ಸಿಕ್ಕಿತು. ಅವಳೂ ಈಗ ಹೊಲಿಗೆಯವಳೇ. ಗೆರೆಗಳ ಮೇಲೆ ಬೆರಳಿಟ್ಟ ಕೂಡಲೇ ಅಮ್ಮ ಹೇಳಿದ್ದು ನಿಜವೆಂದು ಗೊತ್ತಾಯಿತು. “ತಪ್ಪಾಯ್ತು ಅನ್ನೋಕೂ ಅಮ್ಮ ಇಲ್ಲ” ಎಂದು ಅತ್ತಳು.

ಹೊಳಪಿನ ಹೋಳು ಇವತ್ತಿಗೂ ಅಧಿಕಾರಿಯ ಕೋಣೆಯ ಬಾಗಿಲು ಬಡಿಯದಂತೆ ಒತ್ತುಕೊಟ್ಟು ಬಿದ್ದಿದೆ. ಅದರ ಅಂಚು ಸವೆದಿಲ್ಲ. ಮಗಳ ಹೋಳಿಗೆ ಸರಿಯಾಗಿ ಕೂರುತ್ತದೆ.

ಈ ಭಾನುವಾರ ಹೋಗಿ. ಮೊಟ್ಟೆಯ ಮುಂದೆ ಫೋಟೊ ತೆಗೆಸಿಕೊಳ್ಳಬೇಡಿ. ಬಾಗಿಲ ಬಳಿ ಬಗ್ಗಿ ಆ ಕಲ್ಲೆತ್ತಿ ಅಧಿಕಾರಿಯ ಮೇಜಿನ ಮೇಲಿಡಿ. ಇನ್ನರ್ಧ ತರಿಸಿ ಜೋಡಿಸುವವರೆಗೆ, ಅವಳು ಕೇಳಿದ ಚೀಟಿ ಬರೆಯುವವರೆಗೆ ಅಲ್ಲಿಂದ ಕದಲಬೇಡಿ.