ಜಾಯಿಂಟ್ ಇಲ್ಲದ ಪೈಪು

ಪಂಪು ತಾನಾಗಿ ಶುರುವಾದದ್ದನ್ನು ಮೊದಲು ಕೇಳಿಸಿಕೊಂಡದ್ದು ನನ್ನ ಹೆಂಡತಿಯೇ ಇರಬೇಕು. ನಾನೇ ಎಂದು ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಬರೆಯಲು ಕೂತರೆ ಖಾತ್ರಿಯಿಲ್ಲ.

ಪಂಪು ಶುರುವಾದದ್ದಂತೂ ನಿಜ. ಸುರಪುರದ ನಮ್ಮ ಮನೆಯ ಮಾಳಿಗೆ ಮೇಲೆ ಸೋಲಾರ್ ವಾಟರ್ ಹೀಟರ್ ಇದೆ. (ಈ ಕಡೆಯ ಬಿಸಿಲಿಗೆ ಬಿಸಿನೀರು ಬೇರೆ ಬೇಕೆ ಎಂದು ನಗಬೇಡಿ. ಅವ್ವನ ಮೊಣಕಾಲಿಗೆ ಬೇಕಾಗಿತ್ತು.) ಪೈಪುಗಳೆಲ್ಲ ಗೋಡೆಯೊಳಗೆ ಹೂತಿವೆ. ನಲ್ಲಿ ತಿರುಗಿಸಿದರೆ ಪೈಪಿನೊಳಗಿನ ಪ್ರೆಶರ್ ಇಳಿಯುತ್ತದೆ, ಆಗ ಪಂಪು ಚಾಲೂ ಆಗುತ್ತದೆ. ಅವತ್ತು ಒಂದು ನಲ್ಲಿಯೂ ತೆರೆದಿರಲಿಲ್ಲ. ಆದರೂ ಹತ್ತು ನಿಮಿಷಕ್ಕೊಮ್ಮೆ ಗುರ್ ಎನ್ನುತ್ತಿತ್ತು.

ನೀರು ಎಲ್ಲಿಗೋ ಹೋಗುತ್ತಿದೆ. ಎಲ್ಲಿಗೆ?

ನಾನು ಹುಡುಕಲಿಲ್ಲ. ಹುಡುಕುವ ಮೊದಲೇ ಉತ್ತರ ಸಿಕ್ಕಿತ್ತು. ಖಾಜಾಸಾಬ್! ಮೂರು ವರ್ಷದ ಹಿಂದೆ ಪೈಪು ಹಾಕಿದ ಪ್ಲಂಬರ್. ಅವರ ಜಾಯಿಂಟ್ ಸೋರುತ್ತಿದೆ, ಮತ್ತೇನು? ಫೋನಿನಲ್ಲಿ ಬಿರುಸಾಗಿಯೇ ಮಾತಾಡಿದೆ.

ಅದೇ ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಹುಣಸಗಿಯ ಮಾಸ್ತರರೊಬ್ಬರು ಸಿಕ್ಕರು. ಹೊಸ ಮನೆ ಕಟ್ಟಿಸುತ್ತಿದ್ದಾರೆ. "ಪ್ಲಂಬಿಂಗ್ ಖಾಜಾಸಾಬ್‌ಗ ಕೊಡಬೇಕಂತ ಮಾಡೀನ್ರಿ" ಅಂದರು.

"ಮೊದ್ಲ ನಮ್ಮ ಮನಿ ನೋಡ್ರಿ, ಆಮ್ಯಾಲ ಕೊಡ್ರಿ" ಅಂದೆ.

ಅಷ್ಟೇ ಅಂದೆನೆ? "ಕೊಡಬ್ಯಾಡ್ರಿ" ಎಂದೂ ಅಂದಿರಬಹುದು.

ಎರಡು ದಿನ ಬಿಟ್ಟು ಖಾಜಾಸಾಬ್ ಬಂದರು. ಒಂದು ಕೈಯಲ್ಲಿ ಪೈಪು ಬಿಗಿಯುವ ಪಾನಾ, ಇನ್ನೊಂದರಲ್ಲಿ ಪ್ರೆಶರ್ ತೋರಿಸುವ ಗೇಜು ಕೂಡಿಸಿದ ಒಂದು ಸಣ್ಣ ಪಂಪು.

"ಸರ, ನನ್ನ ಜಾಯಿಂಟ್ ಸೋರಿದ್ರ ಈ ಪಾನಾ ನಿಮ್ಮ ಕೈಯಾಗ ಕೊಟ್ಟು ಹೋಗ್ತೀನ್ರಿ."

"ಪಾನಾ ತಗೊಂಡು ನಾ ಏನ್ ಮಾಡ್ಲಿ?"

"ನೀವ ಪೈಪ್ ಹಾಕ್ರಿ. ಪೇಪರ್‌ನ್ಯಾಗ ದುನಿಯಾಕ್ಕೆಲ್ಲಾ ಬುದ್ಧಿ ಹೇಳ್ತೀರಿ, ಇದೇನ್ ಮಹಾ?"

ಒಳಗೆ ನನ್ನ ಹೆಂಡತಿ ನಕ್ಕಳು.

ಎಲ್ಲ ನಲ್ಲಿ ಮುಚ್ಚಿ ಆ ಪಂಪಿನಿಂದ ಪೈಪಿಗೆ ನೀರು ಒತ್ತಿ ತುಂಬಿದರು. ಇಬ್ಬರೂ ಗೇಜಿನ ಮುಳ್ಳು ನೋಡುತ್ತ ಕೂತೆವು. ನಿಧಾನಕ್ಕೆ ಇಳಿಯಿತು. "ಅಡಗಿಮನಿ ಲೈನ್ ಬಂದ್ ಮಾಡೀನ್ರಿ." ಮತ್ತೂ ಇಳಿಯಿತು. "ಬಾತ್‌ರೂಮ್ ಬಂದ್." ಮತ್ತೂ. ಕೊನೆಗೆ ಉಳಿದದ್ದು ಪಡಸಾಲೆಯ ಗೋಡೆಯಲ್ಲಿ ಹಾಯುವ ಒಂದೇ ಪೈಪು.

"ಇದ್ರಾಗ ಜಾಯಿಂಟೇ ಇಲ್ರಿ ಸರ. ಅಖಂಡ ಒಂದೇ ತುಕಡಿ."

ಅಂಗೈಯನ್ನು ಗೋಡೆಗೆ ಒತ್ತುತ್ತ ನಡೆದರು. ಅವ್ವನ ಫೋಟೋದ ಹತ್ತಿರ ನಿಂತರು. "ಇಲ್ಲಿ ಬೆಚ್ಚಗ ಅದ ನೋಡ್ರಿ." ನಾನೂ ಕೈ ಇಟ್ಟೆ. ಬೆಚ್ಚಗಿತ್ತು. ಅವರು ಹೇಳಿದ್ದಕ್ಕೆ ಹಾಗೆನಿಸಿತೋ ಏನೋ.

ಹಿತ್ತಲಿಗೆ ಹೋಗಿ ಕೈ ತೊಳೆದುಕೊಂಡು ಬಂದರು. "ಅಮ್ಮಾರ ಫೋಟೋ ಇಳಸ್ಲೇನ್ರಿ?"

ಹಾರದ ಸಮೇತ ಇಳಿಸಿದೆವು. ಹಿಂದೆ ಗೋಡೆ ಊದಿಕೊಂಡಿತ್ತು. ಸಿಮೆಂಟು ಕೆತ್ತಿದಾಗ ಕಂಡಿತು: ಫೋಟೋದ ಮೊಳೆ ಪೈಪಿನೊಳಕ್ಕೇ ಹೋಗಿದೆ. ಮೊಳೆ ತಾನು ಮಾಡಿದ ತೂತನ್ನು ತಾನೇ ಮುಚ್ಚಿಕೊಂಡು ಒಂದು ವರ್ಷ ಕೂತಿತ್ತು. ತುಕ್ಕು ಹಿಡಿದ ಮೇಲೆ ನೀರು ದಾರಿ ಮಾಡಿಕೊಂಡಿದೆ.

ಹೋದ ವರ್ಷ ಅವ್ವ ತೀರಿಕೊಂಡಾಗ, ದಿನದ ಕಾರ್ಯಕ್ಕೆ ಬೀಗರು ಬರುವುದರೊಳಗೆ ಫೋಟೋ ಏರಬೇಕೆಂದು ಗಡಿಬಿಡಿಯಲ್ಲಿ ಹೊಡೆದ ಮೊಳೆ ಅದು.

"ಹೊಡದವ್ರು ಯಾರ್ರಿ?" ಖಾಜಾಸಾಬ್ ಕೇಳಿದರು.

"ನಿಮ್ಮಣ್ಣ ಅಲ್ಲೇನು?" ಎಂದೆ ಹೆಂಡತಿಗೆ.

"ನಮ್ಮಣ್ಣ ಅವತ್ತ ಇನ್ನಾ ಕೆಂಭಾವಿ ಬಿಟ್ಟಿದ್ದಿಲ್ಲ. ಸ್ಟೂಲಿನ ಮ್ಯಾಲ ನೀವ ಇದ್ರಿ. ಸ್ಟೂಲ್ ನಾ ಹಿಡದಿದ್ದೆ."

ನನ್ನ ಕಣ್ಣೊಳಗೆ ಈಗಲೂ ಭಾವನೇ ಸ್ಟೂಲಿನ ಮೇಲಿದ್ದಾರೆ. ತುಟಿಯಲ್ಲಿ ಇನ್ನೊಂದು ಮೊಳೆ ಕಚ್ಚಿಕೊಂಡಿದ್ದಾರೆ. ಬಾರದೇ ಇದ್ದ ಮನುಷ್ಯ ಇಷ್ಟು ಸ್ಪಷ್ಟವಾಗಿ ಕಾಣುವುದು ಹೇಗೆ?

ಖಾಜಾಸಾಬ್ ಪಾನಾ ಎತ್ತಿಕೊಂಡರು. ಪೈಪು ಕತ್ತರಿಸಿ ಹೊಸ ತುಂಡು ಕೂಡಿಸಿದರು. ಮತ್ತೆ ಗೇಜು ಹಚ್ಚಿದರು. ಈ ಸಲ ಮುಳ್ಳು ಅಲುಗಲಿಲ್ಲ. ಸಾಮಾನು ಚೀಲಕ್ಕೆ ಹಾಕುತ್ತ, ನನ್ನ ಮುಖ ನೋಡದೆ ಹೇಳಿದರು.

"ಹುಣಸಗ್ಯಾಗ ಒಂದು ದೊಡ್ಡ ಕೆಲಸ ಇತ್ರಿ. ಮಾಸ್ತರು ನಿನ್ನೆ ಫೋನ್ ಮಾಡಿ ಬರಬ್ಯಾಡ ಅಂದ್ರು. ಖಾಜಾನ ಪೈಪ್ ಸೋರ್ತಾವಂತ ಯಾರೋ ಹೇಳ್ಯಾರಂತ್ರಿ. ಇಪ್ಪತ್ತು ವರ್ಷದಾಗ ಈ ಮಾತು ಕೇಳಿದ್ದಿಲ್ರಿ ನಾ."

ಆಗ ನಾನು ಬಾಯಿ ಬಿಡಬೇಕಿತ್ತು. "ಚಹಾ ಕುಡೀರಿ" ಎಂದೆ.

ಅವರು ಹೋದ ಮೇಲೆ ಮಾಸ್ತರರಿಗೆ ಫೋನ್ ಮಾಡಿ ತಪ್ಪು ನಮ್ಮದೇ ಎಂದೆ. "ಕೆಲಸ ಶಹಾಪುರದವ್ರಿಗೆ ಕೊಟ್ಟುಬಿಟ್ಟೀನ್ರಿ. ನೀವು ಹೇಳಿದ್ದಕ್ಕಲ್ರಿ, ಮನಸ್ಸಿಗೆ ಹಚ್ಕೋಬ್ಯಾಡ್ರಿ" ಅಂದರು. ನಿಜವೋ, ಸಂಕೋಚವೋ?

ಏನಾದರೂ ಕೆಟ್ಟಾಗ ನಾವು ಕೆಟ್ಟ ಜಾಗವನ್ನು ಹುಡುಕುವುದಿಲ್ಲ. ಒಬ್ಬ ಮನುಷ್ಯನನ್ನು ಹುಡುಕುತ್ತೇವೆ. ಅವನು ಸಿಕ್ಕ ಮೇಲೆ ಹುಡುಕಾಟ ಮುಗಿಯಿತು. ಹೌದಲ್ಲವೇ?

ಖಾಜಾಸಾಬ್ ಹಾಕಿದ ಪೈಪು ಸೋರಲಿಲ್ಲ. ಇದನ್ನು ನಾಲ್ಕು ಜನ ಓದಲಿ ಎಂದು ಬರೆಯುತ್ತಿದ್ದೇನೆ. ಹೋದ ಕೆಲಸ ಇದರಿಂದ ವಾಪಸ್ ಬರುವುದಿಲ್ಲ.

ಆ 'ಯಾರೋ' ನಾನೇ ಎಂದು ಗೊತ್ತಿದ್ದೇ ಅವರು ನನ್ನೆದುರು ಆ ಮಾತು ಆಡಿದರೋ? ಗೊತ್ತಿಲ್ಲ. ನಾನಿನ್ನೂ ಕೇಳಿಲ್ಲ.