ನಾನು ಹತ್ತಿದ ಕೋಟೆ

ನಾನು ಸುಳ್ಳುಗಾರನಲ್ಲ. ಮಾತಿಗೆ ಸ್ವಲ್ಪ ಒಗ್ಗರಣೆ ಹಾಕುವವನು, ಅಷ್ಟೆ. ಆ ಒಗ್ಗರಣೆ ಸೀದುಹೋದದ್ದು ಲಾಕ್‌ಡೌನ್ ವರ್ಷದಲ್ಲಿ, ಮಲೇಷ್ಯಾದ ಸುಬಾಂಗ್ ಜಯಾದ ನಮ್ಮ ಫ್ಲ್ಯಾಟಿನಲ್ಲಿ, ಮಗಳ ಹತ್ತನೇ ಹುಟ್ಟುಹಬ್ಬದ ದಿನ.

ಅದಕ್ಕೆ ಆರು ವರ್ಷ ಮುಂಚೆ, ಇಲ್ಲಿ ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳುವ ನಾನು ಕಾನ್ಫರೆನ್ಸಿಗೆಂದು ರಷ್ಯಾದ ಒಂದು ಸಣ್ಣ ಊರಿಗೆ ಹೋಗಿದ್ದೆ. ಶತಮಾನಗಳಷ್ಟು ಹಳೆಯ ಕೋಟೆಯಿದ್ದ ಊರು. ಕೊನೆಯ ದಿನ ಅದನ್ನು ನೋಡಲೆಂದೇ ಬಿಡುವು ಕೊಟ್ಟಿದ್ದರು. ವಾಪಸು ಬಂದಾಗ ಮಗಳು ಕುತ್ತಿಗೆಗೆ ಜೋತುಬಿದ್ದು, ಕೋಟೆ ನೋಡಿದೆಯಾ ಎಂದಳು. ನೋಡುವುದೇನು, ಹತ್ತಿದೆ ಎಂದುಬಿಟ್ಟೆ! ಮೂಲೆಯ ಬುರುಜು, ನೂರೆಂಟು ಮೆಟ್ಟಿಲು, ತುದಿಯಲ್ಲಿ ನಾನು ಬಾರಿಸಿದ ಆಳೆತ್ತರದ ಗಂಟೆ. ಆರು ವರ್ಷ ಅವಳಿಗೆ ಊಟ ಇಳಿದದ್ದೇ ಆ ಕಥೆಯ ಜೊತೆ. ನಿಜವೆಂದರೆ ನಾನು ಕೋಟೆಯ ಕಡೆ ತಲೆ ಹಾಕಿಯೂ ಮಲಗಿರಲಿಲ್ಲ.

ಹುಟ್ಟುಹಬ್ಬಕ್ಕೆ ಏನು ಬೇಕೆಂದರೆ "ಅಪ್ಪನ ಕೋಟೆ" ಎಂದಳು. ಗಡಿಗಳೆಲ್ಲ ಬಂದ್. ಆದರೆ ನನ್ನ ಹೆಂಡತಿ ಬಿಡುವವಳೇ? ಪ್ರವಾಸಿಗಳಿಲ್ಲದೆ ಖಾಲಿ ಕೂತಿದ್ದ ಆ ಊರಿನ ಗೈಡ್ ಒಬ್ಬನನ್ನು ಇಂಟರ್ನೆಟ್ಟಿನಲ್ಲಿ ಹುಡುಕಿ, ಮೊಬೈಲ್ ಹಿಡಿದು ಊರು ತೋರಿಸಲು ಒಪ್ಪಿಸಿದಳು. ಊರ ಮುಂದೆ ಮಾನ ಹೋದರೆ ಹೋಗಲಿ, ಮಗಳ ಮುಂದೆ ಹೋಗಬಾರದು.

ಸಂಜೆ ತಮಿಳು ಮುಸ್ಲಿಮರ ಮಾಮಕ್ ಅಂಗಡಿಯಿಂದ ತಪಾವ್, ಅಂದರೆ ಪಾರ್ಸೆಲ್, ಕಟ್ಟಿಸಿ ತಂದ ರೋಟಿ ಚನಾಯ್ ಪರೋಟ ಇಟ್ಟುಕೊಂಡು ಮೂವರೂ ಲ್ಯಾಪ್‌ಟಾಪಿನ ಮುಂದೆ ಕೂತೆವು. ಮರದ ಮನೆಗಳು, ಕೆತ್ತನೆಯ ಕಿಟಕಿಗಳು, ನದಿ. ಆಮೇಲೆ ಬಂತು ಕೆಂಪು ಇಟ್ಟಿಗೆಯ ಗೋಡೆ. ದೇವರೇ, ನೆಟ್‌ವರ್ಕ್ ಹೋಗಲಿ ಎಂದು ಹರಕೆ ಹೊತ್ತೆ. ನನ್ನ ಕ್ಲಾಸಿನ ನಡುವೆ ದಿನಾ ಕೈಕೊಡುತ್ತಿದ್ದ ಹಾಳು ನೆಟ್‌ವರ್ಕ್ ಅವತ್ತು ಒಂದು ಸಲವೂ ಹೋಗಲಿಲ್ಲ.

ಮೂಲೆಯ ಬುರುಜಿನಲ್ಲಿ ಅಪ್ಪ ಬಾರಿಸಿದ ಗಂಟೆ ತೋರಿಸಿ ಎಂದು ಮಗಳು ಇಂಗ್ಲಿಷಿನಲ್ಲಿ ಕೇಳಿದಳು. ಗೈಡ್ ನಕ್ಕ. ಅಲ್ಲಿ ಗಂಟೆಯೂ ಇಲ್ಲ, ಮೆಟ್ಟಿಲೂ ಇಲ್ಲ, ಬರೀ ಪಾರಿವಾಳ ಎಂದ.

ಮಗಳು ನನ್ನತ್ತ ತಿರುಗಿದಳು. "ಅಪ್ಪಾ?"

"ಹತ್ತಿಲ್ಲ ಮಗಾ. ಎಂಥ ಚಳಿ ಮಾರಾಯ್ತಿ ಅದು! ಹೋಟೆಲ್ ಬಾಗಿಲಲ್ಲೇ ಐಸ್ ಮೇಲೆ ಜಾರಿ ಬಿದ್ದೆ. ಹೆದರಿ ರೂಮಿಗೆ ಹೋಗಿ ಇಡೀ ದಿನ ಹೊದ್ದು ಮಲಗಿದೆ."

"ಓಹೋ, ನಾನು ಕಳಿಸಿದ ಚಕ್ಕುಲಿ ಡಬ್ಬ ಖಾಲಿಯಾದದ್ದು ಹಾಗೆ!" ಹೆಂಡತಿ ಬಿದ್ದೂ ಬಿದ್ದೂ ನಕ್ಕಳು.

ಮಗಳು ನಗಲಿಲ್ಲ. ನನ್ನಿಂದ ಹೋಟೆಲಿನ ಹೆಸರು ಕೇಳಿ ಗೈಡಿಗೆ ಹೇಳಿದಳು. ಅವನು ನಿಂತಲ್ಲೇ ಮೊಬೈಲನ್ನು ಹಿಂದಕ್ಕೆ ತಿರುಗಿಸಿದ. ಹೋಟೆಲ್ ರಸ್ತೆಯ ಆಚೆಯೇ ಇತ್ತು. ಅವತ್ತು ಕಿಟಕಿಯ ಪರದೆ ಸರಿಸಿದ್ದರೆ ಹಾಸಿಗೆಯಿಂದಲೇ ಕೋಟೆ ಕಾಣುತ್ತಿತ್ತು. ಥೂ, ನನ್ನ ಜನ್ಮಕ್ಕಿಷ್ಟು! ನಾಚಿಕೆಯಿಂದ ಮಗಳ ಮುಖ ನೋಡಲಾಗದೆ ತಟ್ಟೆ ನೋಡುತ್ತಾ ಕೂತೆ.

ಅವಳು ಕುರ್ಚಿಯನ್ನು ನನ್ನ ಪಕ್ಕಕ್ಕೆ ಎಳೆದುಕೊಂಡಳು.

"ಓಕೆ ಲಾ, ಅಪ್ಪಾ. ಬಾರ್ಡರ್ ಓಪನ್ ಆದ್ಮೇಲೆ ವಿ ಗೋ. ಫಸ್ಟ್ ಟೈಮ್ ಫಾರ್ ಬೋತ್ ಆಫ್ ಅಸ್."